ಸಪ್ಪೆ ನೀರು

ಶುಕ್ರವಾರ, ಆರಾಧನೆ ಮುಗಿದ ಅರ್ಧ ಗಂಟೆಗೆ
ಬೆಲ್ಲು.
ಸೊಹಾರಿನ ಈ ಮೂರನೇ ಮಹಡಿಗೆ
ಲಿಫ್ಟು ಕೆಟ್ಟ ದಿನವೂ ಏದುಸಿರಲ್ಲಿ ಹತ್ತಿ ಬರುವವರು
ನೀರಿನ ಬಿಲ್ಲಿನವರಲ್ಲ.

ಜಯಶೀಲ ಅಂಕಲ್, ಪ್ರಮೋದಿನಿ ಆಂಟಿ,
ಹಿಂದೆ ಒಬ್ಬ ಹೊಸ ಹುಡುಗ, ಇಸ್ತ್ರಿ ಶರಟು,
ಎರಡೂ ಕೈಯಲ್ಲಿ ಹಿಡಿದ ಕೇಕಿನ ಡಬ್ಬ.
ಚಪ್ಪಲಿ ಕಳಚುವಾಗಲೇ ಆಂಟಿಯ ಕಣ್ಣು
ಗೋಡೆಯ ಖಾಲಿ ಮೊಳೆಗೆ ಹೋಯಿತು.
ಮೊಳೆ ಕೀಳಲಿಲ್ಲ ನಾನು. ಬಾಡಿಗೆ ಮನೆ,
ತೂತು ಬಿದ್ದರೆ ಡೆಪಾಸಿಟ್ಟಲ್ಲಿ ಹಿಡಿಯುತ್ತಾರೆ.
ಅದಕ್ಕೂ ಒಂದು ಅರ್ಥ ಕಂಡುಕೊಂಡು
ಆಂಟಿ ತುಸು ಸಮಾಧಾನದಿಂದ ಕೂತರು.

"ಯಾರು ಮಗಾ ನಿನಗೆ ಬೇಜಾರು ಮಾಡಿದ್ದು?"
ಯಾರೂ ಇಲ್ಲ.
"ಅಮ್ಮ ಹೋದ ಮೇಲೆ ದೇವರ ಮೇಲೆ ಸಿಟ್ಟಾ?"
ಇಲ್ಲದವನ ಮೇಲೆ ಎಂತ ಸಿಟ್ಟು ಆಂಟಿ
ಎನ್ನಲು ಹೋಗಿ
ಚಹಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದೆ.

ಅವರಿಗೆ ಒಂದು ಗಾಯ ಬೇಕು.
ತೋರಿಸಿದರೆ ಬೆರಳಿಟ್ಟು ನೋಡಿ
ಆಮೇಲೆ ನಂಬುತ್ತಾರೆ, ನಾನು ಬಿಟ್ಟದ್ದನ್ನು.
ಯೋಚಿಸಿ ಬಿಟ್ಟೆ ಎಂದರೆ
ಥರ್ಮಾಮೀಟರ್ ಒಡೆದಿರಬೇಕು ಎನ್ನುವ ಹಾಗೆ
ಮುಖ ಮುಖ ನೋಡಿಕೊಳ್ಳುತ್ತಾರೆ.

ರಾತ್ರಿ ಪಾಳಿಯಲ್ಲಿ ಶುರುವಾಯಿತು.
ಎರಡನೇ ಪಂಪಿನ ಒತ್ತಡ ಬರೆದುಕೊಳ್ಳುತ್ತ
ರೂಢಿಯ ಪ್ರಾರ್ಥನೆ ತುಟಿಗೆ ಬಂತು,
ಆ ಕಡೆ ಫೋನು ಯಾರೋ ಎಂದೋ ಇಟ್ಟುಬಿಟ್ಟಿದ್ದರು.
ಹೆದರಿದೆ. ಉಪವಾಸ ಮಾಡಿದೆ.
ಎರಡು ವರ್ಷ, ಒಬ್ಬನೇ, ಹುಡುಕಿದೆ.
ಆ ಎರಡು ವರ್ಷ ಯಾರೂ ಬೆಲ್ಲು ಒತ್ತಲಿಲ್ಲ.
ಪ್ರತಿ ವಾರ ಕೀಬೋರ್ಡು ನುಡಿಸುತ್ತಿದ್ದೆನಲ್ಲ,
ಕಂಡವರಿಗೆ ಚೆನ್ನಾಗಿಯೇ ಇದ್ದೆ.

"ನೀನು ಉಪ್ಪಾಗಿದ್ದೆ ಮಾರಾಯ," ಅಂಕಲ್ ಅಂದರು,
"ಈಗ ಸಪ್ಪೆ."
ಉಪ್ಪು ತೆಗೆಯಲಿಕ್ಕೇ ನನಗೆ ಸಂಬಳ, ಅಂಕಲ್.
ನಿಮ್ಮ ಲೋಟದ ಚಹವೂ ಮೊನ್ನೆಯವರೆಗೆ ಕಡಲು.
ಉಪ್ಪು ತಿಂದವ ನೀರು ಕುಡಿಯಲೇಬೇಕಂತೆ,
ಈ ಊರಿಗೆ ಆ ನೀರು ಮಾಡಿಕೊಡುವವರಲ್ಲಿ ನಾನೊಬ್ಬ.
ಪೂರಾ ಸಪ್ಪೆಯಾದದ್ದನ್ನು ಹಾಗೇ ಬಿಡುವುದಿಲ್ಲ ನಾವು,
ಅದು ಹಸಿದ ನೀರು, ಪೈಪನ್ನೇ ತಿನ್ನುತ್ತದೆ.
ಸ್ವಲ್ಪ ಸುಣ್ಣ ಬೆರೆಸುತ್ತೇವೆ.

ನನ್ನ ಸುಣ್ಣ ಯಾವುದು ಎಂದು ಅವರು ಕೇಳಲಿಲ್ಲ.
ಕೇಳಿದ್ದರೆ ನನಗೂ ಸರಿಯಾಗಿ ಗೊತ್ತಿರಲಿಲ್ಲ.
ಲೋಟ ತೊಳೆಯುವಾಗ ಈಗಲೂ
ಕೀರ್ತನೆಯ ಕೆಳದನಿ ಗುನುಗುತ್ತೇನೆ,
ಮೇಲಿನ ದನಿ ಹಾಡುತ್ತಿದ್ದವಳು ಅಮ್ಮ.

ಹುಡುಗ ನೋಟುಬುಕ್ಕು ತೆರೆದ.
ಕಂದು ರಟ್ಟು. ರೌಂಡಬೌಟಿನ ಬದಿಯ ಅಂಗಡಿಯಲ್ಲಿ
ನಾನೇ ಕೊಂಡದ್ದು. ಮೊದಲ ಪುಟಗಳು ನನ್ನ ಅಕ್ಷರ:
ಸುಗುಣಾ ಕರ್ಕಡ, ನರ್ಸು, ಫಲಜ್ ಕಡೆ.
ಹೃದಯ ಕಲ್ಲಾಗಿದೆ. ಬಿಡಬಾರದು.
ರಾತ್ರಿ ಡ್ಯೂಟಿ ಮುಗಿಸಿ ಬಂದವಳ ಸೋಫಾದಲ್ಲಿ
ನಲವತ್ತು ನಿಮಿಷ ಕಣ್ಣು ಮುಚ್ಚಿ ಪ್ರಾರ್ಥಿಸಿದ್ದೆ.
ತೆರೆದಾಗ ಅವಳು ಕೂತಲ್ಲೇ ನಿದ್ದೆ.
ಆತ್ಮನ ಶಾಂತಿ ಇಳಿಯಿತೆಂದು ಸಭೆಗೆ ವರದಿ ಒಪ್ಪಿಸಿದ್ದೆ.

ಈಗ ಮೂವರೂ ಕಣ್ಣು ಮುಚ್ಚಿದರು, ನಾನು ಮುಚ್ಚಲಿಲ್ಲ.
ಅಂಕಲ್ಲಿನ ಕಾಲುಚೀಲದಲ್ಲಿ ತೂತು.
ಆಂಟಿ ನಿಜಕ್ಕೂ ಅಳುತ್ತಿದ್ದಾರೆ. ಕಷ್ಟ ಇರುವುದು ಅದರಲ್ಲೇ.
ಟೈಫಾಯ್ಡಿನಲ್ಲಿ ಹನ್ನೊಂದು ದಿನ ಗಂಜಿ ತಂದವರು.
ಈಗ ಜ್ವರ ಬಂದರೆ ತಂದಾರಾ?
ತಂದಾರು.
ತಟ್ಟೆಯ ಅಡಿಯಲ್ಲಿ ಒಂದು ಚೀಟಿ ಇರುತ್ತದೆ.

ಬಾಗಿಲಲ್ಲಿ ಹುಡುಗ ಮಾತ್ರ ಒಂದು ಕ್ಷಣ ನಿಂತು
ಮೆಲ್ಲಗೆ ಕೇಳಿದ, "ಅಣ್ಣಾ, ಹೆದರಿಕೆ ಆಗಲಿಲ್ಲವಾ?"
ಆಯಿತು ಎಂದೆ.
ಆಂಟಿ ಮೆಟ್ಟಿಲಿಂದ ಅವನನ್ನು ಕರೆದರು.

ರಾತ್ರಿ ಸುಗುಣಾಗೆ ಫೋನು ಮಾಡಿದೆ,
ಒಂಬತ್ತು ವರ್ಷ ತಡವಾಗಿ, ಕ್ಷಮಿಸಿ ಅಂದೆ.
"ಎಂತಕ್ಕೆ? ಆವತ್ತು ಒಳ್ಳೆ ನಿದ್ದೆ ಬಂದಿತ್ತು," ನಕ್ಕಳು.
"ಕೇಕು ತಂದಿದ್ದರಾ? ಉಂಟಾ ಇನ್ನೂ?"
ಅರ್ಧ ಉಂಟು, ಅಂದೆ.